ಪ್ರತಿಕ್ರಿಯೆ: ಹಾಸ್ಟೆಲ್‌ಗೆ ಹೊರಡುವಾಗ ಮಾತ್ರ ಮಗನಿಗೆ ಹೊಟ್ಟೆನೋವು
ಮಗನ ಹೊಟ್ಟೆನೋವು ನಾಟಕವಾ ಅಂತ ಕೇಳಿದ್ದೀರಿ. ನಾಟಕ ಅಲ್ಲ, ಭಯ ಅನಿಸುತ್ತೆ. ಎಂಟನೇ ಕ್ಲಾಸಿನ ಹುಡುಗ, ಭಾನುವಾರ ಸಂಜೆ ಮಾಲೂರಿನಿಂದ ಕೋಲಾರದ ಹಾಸ್ಟೆಲ್‌ಗೆ ಹೊರಡುವಾಗಲೇ ಹೊಟ್ಟೆನೋವು, ತೋಳಲ್ಲಿ ಕಂದಿದ ಗುರುತು ಅಂದರೆ ಅಲ್ಲಿ ಯಾರೋ ಹೊಡೆಯುತ್ತಿರುವ ಸಾಧ್ಯತೆಯೇ ಹೆಚ್ಚು. ಭಯಕ್ಕೂ ಹೊಟ್ಟೆ ನಿಜವಾಗಿ ನೋಯುತ್ತೆ. ಆದರೂ ದೂರದಿಂದ ಖಚಿತ ಹೇಳಲಾಗದು, ಡಾಕ್ಟರಿಗೆ ತೋರಿಸಿ.

ಗುರುತಿನ ಪಕ್ಕ ಸ್ಕೇಲ್ ಇಟ್ಟು ಇವತ್ತೇ ಫೋಟೋ ತೆಗೆಯಿರಿ. ಒಂದೆರಡು ವಾರದಲ್ಲಿ ಮಾಸಿಹೋಗುತ್ತೆ. ಡಾಕ್ಟರ್ ಚೀಟಿಯಲ್ಲೂ ಬರೆಸಿ. "ಯಾಕೆ ಸುಮ್ಮನಿದ್ದೆ?" ಅಂತ ಕೇಳಬೇಡಿ, ಬಾಯಿ ಮುಚ್ಚಿಬಿಡ್ತಾನೆ. "ಊಟ ಆದಮೇಲೆ ರೂಮಲ್ಲಿ ಏನೇನಾಗುತ್ತೆ?" ಅನ್ನಿ. ಹೇಳಿದ್ದನ್ನು ಅವನ ಮಾತಲ್ಲೇ ಬರೆದಿಡಿ. ನೆಂಟರೆದುರು ಮತ್ತೆ ಮತ್ತೆ ಹೇಳಿಸಬೇಡಿ.

ಆಮೇಲೆ ವಾರ್ಡನ್‌ಗೂ ಮುಖ್ಯೋಪಾಧ್ಯಾಯರಿಗೂ ಲಿಖಿತ ದೂರು ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನ ದೂರು "ಹುಡುಗರ ಜಗಳ ಬಿಡಿ" ಅನ್ನೋದರಲ್ಲೇ ಮುಗಿಯುತ್ತೆ. ಕ್ರಮ ಆಗೋವರೆಗೆ ವಾಪಸ್ ಕಳಿಸಬೇಡಿ. ಹೊಡೆಯುವವರು ಸಿಬ್ಬಂದಿಯೇ ಆದರೆ ನೇರ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಕೆಟ್ಟ ಉದ್ದೇಶದಿಂದ, ಲೈಂಗಿಕವಾಗಿ ಮೈ ಮುಟ್ಟಿದ್ದಾರೆ ಅಂದರೆ ಅದು ಪೋಕ್ಸೊ (ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾಯ್ದೆ) ಅಡಿ ಅಪರಾಧ, ಅವತ್ತೇ ಪೊಲೀಸ್ ಠಾಣೆಗೆ ಹೋಗಿ.

ತಮ್ಮನಿಗೆ ಹೊಡೀತಾನೆ ಅಂದಿರಿ. ಏಟು ತಿಂದ ಮಕ್ಕಳಲ್ಲಿ ಇದು ಕಾಣೋದೇ; ತಡೆಯಿರಿ, ಆದರೆ ನೀವೂ ಕೈ ಎತ್ತಬೇಡಿ. ಬೆಚ್ಚಿಬೀಳೋದು, ನಿದ್ದೆಗೇಡು ತಿಂಗಳು ದಾಟಿದರೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ. ಅಷ್ಟರೊಳಗೆ ಸಲಹೆ ಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.