ಗಿಡಕ್ಕೆ ನಲ್ಲಿ ನೀರು ಹಾಕಬಾರದೆಂದು ನೋಟಿಸು ಬಂದಿದೆ, 40 ಕುಂಡ ಏನು ಮಾಡಲಿ ಎಂದು ಕೇಳಿದವರಿಗೆ

ಮೇಡಂ, ನಿಮ್ಮ ಪ್ರಶ್ನೆ ನೋಡಿದೆ. ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು, ಅಂಗಳಕ್ಕೆ ಬಳಸಿದರೆ ದಂಡ ಎಂದು ನಗರಸಭೆಯ ನೋಟಿಸು ಬಂದಿದೆ, ತಾರಸಿಯಲ್ಲಿ 40 ಕುಂಡಗಳಿವೆ, ಎಲ್ಲವನ್ನೂ ಯಾರಿಗಾದರೂ ಕೊಟ್ಟುಬಿಡಲೇ ಎಂದು ಕೇಳಿದ್ದೀರಿ. ಅದಕ್ಕೆ ಇಬ್ಬರು "ರಾತ್ರಿ ಹೊತ್ತು ಹಾಕಿ, ಯಾರು ನೋಡ್ತಾರೆ" ಎಂದಿದ್ದಾರೆ. ದಯವಿಟ್ಟು ಕೊಡಲೂ ಬೇಡಿ, ಕದ್ದು ಹಾಕಲೂ ಬೇಡಿ. 40 ಕುಂಡಕ್ಕೆ ಬೇಕಾದ ನೀರು ನಿಮ್ಮ ಮನೆಯಲ್ಲೇ ದಿನವೂ ಚರಂಡಿಗೆ ಹೋಗುತ್ತಿದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನೋಟಿಸನ್ನು ಇನ್ನೊಮ್ಮೆ ಓದಿ. ಯಾವ ನೀರು, ಯಾವುದರಿಂದ, ಯಾವ ಹೊತ್ತಿನಲ್ಲಿ ಎಂಬ ಮೂರು ಮಾತು ಹುಡುಕಿ. "ಕುಡಿಯುವ ನೀರು" ಎಂದಿದ್ದರೆ ಸಾಮಾನ್ಯವಾಗಿ ಅದು ಶುದ್ಧೀಕರಿಸಿ ಕೊಳವೆಯಲ್ಲಿ ಕಳಿಸುವ ನೀರು. ಮಳೆ ನೀರು, ಒಮ್ಮೆ ಬಳಸಿದ ನೀರು ಅದರಲ್ಲಿ ಬರುವುದಿಲ್ಲ. ಕೊಳವೆಬಾವಿ ನೀರನ್ನು ಕೆಲವು ಕಡೆ ಸೇರಿಸುತ್ತಾರೆ, ಕೆಲವು ಕಡೆ ಇಲ್ಲ. ಅದೊಂದನ್ನು ಕಚೇರಿಗೇ ಫೋನ್ ಮಾಡಿ ಕೇಳಿಕೊಳ್ಳಿ.

"ಯಾವುದರಿಂದ" ಎಂಬುದು ಇನ್ನೂ ಮುಖ್ಯ. ಇಂಗ್ಲೆಂಡಿನಲ್ಲಿ ಬರ ಬಂದಾಗ 1991ರ ಜಲ ಉದ್ಯಮ ಕಾಯ್ದೆಯ 76ನೇ ಕಲಮಿನ ಪ್ರಕಾರ ನಿಷೇಧ ಹಾಕುತ್ತಾರೆ, ಮುರಿದರೆ 1,000 ಪೌಂಡ್‌ವರೆಗೆ ದಂಡ. ಆದರೆ ಆ ನಿಷೇಧ ಇರುವುದು ಪೈಪಿಗೆ. ಬಕೆಟಿನಲ್ಲೋ ಕ್ಯಾನಿನಲ್ಲೋ ಹೊತ್ತು ಹಾಕಿದರೆ ತಪ್ಪಿಲ್ಲ. ದಕ್ಷಿಣ ಆಫ್ರಿಕದ ಕೇಪ್ ಟೌನ್‌ನಲ್ಲಿ ಮಾತ್ರ ಅಷ್ಟು ಸಡಿಲ ಇರಲಿಲ್ಲ. 2018ರ ಫೆಬ್ರುವರಿ 1ರಿಂದ ಒಬ್ಬರಿಗೆ ದಿನಕ್ಕೆ ಎಲ್ಲ ಸೇರಿ 50 ಲೀಟರ್, ತೋಟಕ್ಕೆ ನಗರದ ನೀರು ಒಂದು ಹನಿಯೂ ಇಲ್ಲ. ಅಲ್ಲಿನ ಜನ ಸ್ನಾನದ ಜಾಗದಲ್ಲಿ ಬೋಗುಣಿ ಇಟ್ಟು, ಬಿದ್ದ ನೀರನ್ನೇ ಎತ್ತಿ ಕಕ್ಕಸಿಗೆ ಸುರಿದರು. ನಲ್ಲಿಗಳು ಪೂರ್ತಿ ಬಂದ್ ಆಗುವ ದಿನ ಅದರಿಂದಲೂ ಆಮೇಲೆ ಬಂದ ಮಳೆಯಿಂದಲೂ ತಪ್ಪಿತು.

ಪೈಪಿನ ಮೇಲೆ ಯಾಕಿಷ್ಟು ಕಣ್ಣು ಅಂದರೆ, ಒತ್ತಡ ಚೆನ್ನಾಗಿದ್ದರೆ ಪೈಪಿನಲ್ಲಿ ಗಂಟೆಗೆ 1,000 ಲೀಟರ್‌ವರೆಗೂ ಹೋಗುತ್ತದೆ. ಕೇಪ್ ಟೌನ್‌ನವರು ಇಡೀ ದಿನಕ್ಕೆ ಇಟ್ಟುಕೊಂಡಿದ್ದ 50 ಲೀಟರ್ ಅದರಲ್ಲಿ 3 ನಿಮಿಷಕ್ಕೆ ಮುಗಿಯುತ್ತದೆ. ಒಂದು ಗಿಡದಿಂದ ಇನ್ನೊಂದಕ್ಕೆ ನಡೆಯುವಾಗ ನೆಲಕ್ಕೆ ಬೀಳುವುದೂ ಅದರಲ್ಲೇ ಸೇರಿತು. ಹಾಗಾಗಿ ನಿಮ್ಮ ನೋಟಿಸಿನಲ್ಲಿ ಏನೇ ಬರೆದಿರಲಿ, ಪೈಪನ್ನು ಇವತ್ತೇ ಸುತ್ತಿ ಒಳಗಿಡಿ.

ಇನ್ನು ನಾನು ನಿಜವಾಗಿ ಹೇಳಬೇಕೆಂದಿರುವುದು ಸೋರಿಕೆಯ ವಿಷಯ. ಕುಂಡಕ್ಕೆ ಕೈ ಹಚ್ಚುವ ಮೊದಲು ಮನೆಯೊಳಗೆ ನೋಡಿ. ಒಂದು ಬೇಸಿಗೆಯಲ್ಲಿ ನಾನು ಮೆಣಸಿನ ಗಿಡಗಳಿಗೆ ಅರ್ಧ ಲೋಟ ಅಳೆದು ಹಾಕುತ್ತಿದ್ದೆ, ಆದರೂ ತಾರಸಿ ಟ್ಯಾಂಕು ಲೆಕ್ಕಕ್ಕಿಂತ ಬೇಗ ಖಾಲಿಯಾಗುತ್ತಿತ್ತು. ರಾತ್ರಿ ಹತ್ತೂವರೆಗೆ ಎಲ್ಲರೂ ಮಲಗಿದ ಮೇಲೆ ಟ್ಯಾಂಕಿನ ಮುಚ್ಚಳ ತೆಗೆದು, ಒಣಗಿದ ಕೋಲೊಂದನ್ನು ತಳ ಮುಟ್ಟುವ ತನಕ ಇಳಿಸಿ, ಒದ್ದೆಯಾದ ಗೆರೆಗೆ ಪೆನ್ಸಿಲ್ ಗುರುತು ಹಾಕಿದೆ. ಬೆಳಗ್ಗೆ ಐದೂವರೆಗೆ, ಯಾರೂ ನಲ್ಲಿ ತಿರುಗಿಸುವ ಮೊದಲು ಮತ್ತೆ ಇಳಿಸಿದೆ. ಒದ್ದೆ ಗೆರೆ 8 ಸೆಂ.ಮೀ. ಕೆಳಗಿತ್ತು. ಟ್ಯಾಂಕಿನ ಅಡ್ಡಗಲ 1 ಮೀಟರ್. ಅಂಥ ಟ್ಯಾಂಕಿನಲ್ಲಿ 1 ಸೆಂ.ಮೀ. ಅಂದರೆ ಸುಮಾರು 8 ಲೀಟರ್. ಏಳು ಗಂಟೆಯಲ್ಲಿ 60 ಲೀಟರಿಗೂ ಹೆಚ್ಚು, ದಿನಕ್ಕೆ 200 ದಾಟಿತು! ಎಲ್ಲೂ ಒದ್ದೆಯಿಲ್ಲ, ಸದ್ದಿಲ್ಲ.

ಸಿಕ್ಕಿದ್ದು ಕಕ್ಕಸಿನ ಫ್ಲಶ್ ಟ್ಯಾಂಕಿನಲ್ಲಿ. ಅದರೊಳಗೆ ಒಂದಿಷ್ಟು ಬಣ್ಣ ಕಲಸಿ, ಫ್ಲಶ್ ಮಾಡದೆ 15 ನಿಮಿಷ ಬಿಟ್ಟು ನೋಡಿದೆ. ಬಿಳಿ ಬೇಸಿನ್ನಿನ ಹಿಂಬದಿಯಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಕೆಂಪು ಗೆರೆ ಇಳಿಯುತ್ತಿತ್ತು. ತಳದ ರಬ್ಬರು ಗಟ್ಟಿಯಾಗಿ ಸರಿಯಾಗಿ ಕೂರುತ್ತಿರಲಿಲ್ಲ. ರಬ್ಬರು ಬದಲಿಸಿದ್ದಷ್ಟೇ ರಿಪೇರಿ. ಸಂಪು, ತಾರಸಿ ಟ್ಯಾಂಕು ಇರುವ ಮನೆಯಲ್ಲಿ ಇಂಥ ಸೋರಿಕೆ ಮೀಟರಿನಲ್ಲಿ ನೇರವಾಗಿ ಕಾಣಿಸದು, ಅದಕ್ಕೇ ಕೋಲಿನ ಲೆಕ್ಕ. ಕೊಳವೆ ನೀರು ನೇರ ನಲ್ಲಿಗೆ ಬರುವ ಮನೆಯಾದರೆ ಎಲ್ಲ ನಲ್ಲಿ ಮುಚ್ಚಿ ಎರಡು ಗಂಟೆ ಬಿಟ್ಟು ಮೀಟರ್ ನೋಡಿದರೆ ಸಾಕು. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿಯೂ ದಿನಕ್ಕೆ 20 ಲೀಟರ್ ಕಳೆಯುತ್ತದೆ, ಅದಕ್ಕೂ ವಾಷರ್ ಹಾಕಿಸಿ.

ಈಗ ಕುಂಡಗಳಿಗೆ ಬರೋಣ. 12 ಇಂಚಿನ ಕುಂಡಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 1 ಲೀಟರ್ ಹಿಡಿಯಿರಿ. 40 ಕುಂಡಕ್ಕೆ 40 ಲೀಟರ್, ಅಂದರೆ ಎರಡು ದೊಡ್ಡ ಬಕೆಟ್. ಬಿಸಿನೀರು ಬರುವ ತನಕ ಸುಮ್ಮನೆ ಬಿಡುವ ತಣ್ಣೀರು ಎಲ್ಲಕ್ಕಿಂತ ಚೊಕ್ಕಟ, ನಲ್ಲಿಯ ಕೆಳಗೆ ಬಕೆಟ್ ಇಟ್ಟರೆ ಆಯಿತು. ತರಕಾರಿ ಸೊಪ್ಪು ತೊಳೆದ ನೀರೂ ಹಾಗೆಯೇ. ಬಟ್ಟೆಯನ್ನು ಕೊನೆಯ ಸಲ ಜಾಲಿಸಿದ ನೀರು ನಡೆಯುತ್ತದೆ, ಮೊದಲನೆಯ ಸೋಪಿನ ನೀರು ಬೇಡ. ಸೋಪಿನ ಪುಡಿಯ ಸೋಡಿಯಂ ಮಣ್ಣನ್ನು ಗಟ್ಟಿ ಮಾಡುತ್ತದೆ, ಬೋರಾನ್ ಇದ್ದರೆ ಎಲೆಯ ಅಂಚು ಸುಡುತ್ತದೆ. ಪಾತ್ರೆ ತೊಳೆದ ಜಿಡ್ಡಿನ ನೀರು, ಮಗುವಿನ ಮಲಮೂತ್ರದ ಬಟ್ಟೆ ಒಗೆದ ನೀರು ಬೇಡವೇ ಬೇಡ. ಬಳಸಿದ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ, ನಾರುತ್ತದೆ. ಎಲೆಯ ಮೇಲೆ ಸುರಿಯದೆ ಬುಡದ ಮಣ್ಣಿಗೆ ಹಾಕಿ. ಹಸಿಯಾಗಿ ತಿನ್ನುವ ಸೊಪ್ಪು, ಗಡ್ಡೆಗಳಿಗೆ ಬಟ್ಟೆ ನೀರು ಬೇಡ, ಅವಕ್ಕೆ ಆ ತಣ್ಣೀರನ್ನು ಮೀಸಲಿಡಿ.

ಆರ್‌ಒ ಯಂತ್ರ ಹೊರಗೆ ಬಿಡುವ ನೀರಿನ ಬಗ್ಗೆಯೂ ಕೇಳಿದ್ದೀರಿ. ಅದು ವಿಷ ಎಂದು ಗುಂಪಿನಲ್ಲಿ ಆಗಾಗ ಓದುತ್ತೇನೆ, ಹಾಗೇನಿಲ್ಲ. 1 ಲೀಟರ್ ಶುದ್ಧ ನೀರಿಗೆ 3 ಲೀಟರ್ ಹೊರಗೆ ಹೋಗುವ ಯಂತ್ರವಾದರೆ, ಹೊರಗೆ ಬಂದದ್ದರಲ್ಲಿ ನಿಮ್ಮ ನಲ್ಲಿ ನೀರಿಗಿಂತ ಮೂರನೇ ಒಂದು ಪಾಲಿನಷ್ಟು ಉಪ್ಪು ಹೆಚ್ಚು. ನಲ್ಲಿ ನೀರಿನ ಟಿಡಿಎಸ್, ಅಂದರೆ ಲೀಟರಿನಲ್ಲಿ ಕರಗಿರುವ ಉಪ್ಪಿನಂಶ, 300 ಮಿಲಿಗ್ರಾಂ ಇದ್ದರೆ ಇದು 400ರ ಆಸುಪಾಸು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿಯಲ್ಲಿ 450ರ ಒಳಗಿನ ನೀರಿಗೆ ನೀರಾವರಿಯಲ್ಲಿ ನಿರ್ಬಂಧವಿಲ್ಲ, 2,000 ದಾಟಿದರೆ ತೀವ್ರ ನಿರ್ಬಂಧ. ಗಡಸು ನೀರಿನ ಮನೆಯವರು ಆರ್‌ಒ ನೀರನ್ನು ನೆಲ ಒರೆಸಲು, ಫ್ಲಶ್‌ಗೆ ಇಟ್ಟುಕೊಳ್ಳಿ. ಕುಂಡದ ಅಂಚಿನಲ್ಲಿ ಬೆಳ್ಳಗೆ ಪುಡಿ ಕಟ್ಟತೊಡಗಿದರೆ ಅದು ಉಪ್ಪು. ಆಗ ಆ ನೀರು ನಿಲ್ಲಿಸಿ, ಒಂದು ಸಲ ಮಳೆ ನೀರನ್ನು ತಳದ ತೂತಿನಿಂದ ಹರಿಯುವಷ್ಟು ಹಾಕಿ. ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಯಂತ್ರದಿಂದ ಬಂದ ನೀರಿನಲ್ಲಿ ಸೋಡಿಯಂ ಇರುತ್ತದೆ, ಗಿಡಕ್ಕೆ ಬೇಡ.

ಆ 40 ಲೀಟರನ್ನೂ ಇಳಿಸಬಹುದು. ಮಣ್ಣಿನ ಮೇಲೆ ಎರಡು ಇಂಚು ತರಗೆಲೆ ಹೊದಿಸಿ. ಬೆರಳನ್ನು ಎರಡು ಗೆಣ್ಣು ಒಳಗೆ ಚುಚ್ಚಿ, ತಂಪಿದ್ದರೆ ಆ ದಿನ ನೀರು ಬೇಡ. ಮೇಲ್ಮಣ್ಣು ಒಣಗಿದ್ದು ನೋಡಿ ನೀರು ಹಾಕುವುದು ನಮ್ಮೆಲ್ಲರ ಚಾಳಿ, ಅದರಿಂದಲೇ ಅರ್ಧ ಗಿಡಗಳ ಬೇರು ಕೊಳೆಯುವುದು. ದೊಡ್ಡ ಡ್ರಮ್ಮುಗಳಿಗೆ ನನಗೆ ತುಂಬ ಇಷ್ಟವಾದದ್ದು ಮಡಕೆ. ಬಣ್ಣ ಹಚ್ಚದ, ಮೆರುಗು ಇಲ್ಲದ ಸಣ್ಣ ಮಣ್ಣಿನ ಮಡಕೆಯನ್ನು ಕತ್ತಿನ ತನಕ ಹೂತು, ನೀರು ತುಂಬಿ, ಬಾಯಿಗೆ ಮುಚ್ಚಳ ಇಡುವುದು. ಸುತ್ತಲಿನ ಮಣ್ಣು ಒಣಗಿದಷ್ಟು ಮಾತ್ರ ನೀರು ಜಿನುಗುತ್ತದೆ. ಎರಡು ಸಾವಿರ ವರ್ಷಗಳ ಹಿಂದೆಯೇ ಚೀನಾದಲ್ಲಿ ಇದನ್ನು ಬರೆದಿಟ್ಟಿದ್ದಾರೆ. ನನ್ನ ಟೊಮೆಟೊ ಡ್ರಮ್ಮಿನಲ್ಲಿ ಬೇರುಗಳು ಮಡಕೆಯನ್ನು ಬಲೆಯಂತೆ ಅಪ್ಪಿಕೊಂಡಿದ್ದವು, ಕಿತ್ತಾಗ ನೋಡಿದೆ.

ಮಳೆ ನೀರಿನ ಲೆಕ್ಕ ಸುಲಭ. 1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. 50 ಚದರ ಮೀಟರ್ ತಾರಸಿಗೆ 10 ಮಿ.ಮೀ. ಮಳೆಯಾದರೆ ಹೋದದ್ದು ಹೋಗಿ 400 ಲೀಟರ್ ಸಿಕ್ಕೀತು, ನಿಮ್ಮ ಕುಂಡಗಳಿಗೆ ಹತ್ತು ದಿನದ್ದು. ಮೊದಲ ಕೊಳೆ ನೀರು ಹೊರಗೆ ಬಿಟ್ಟು ಆಮೇಲಿನದನ್ನು ಹಿಡಿಯಿರಿ. ಡ್ರಮ್ಮಿಗೆ ಮುಚ್ಚಳ ಬಿಗಿಯಾಗಿರಲಿ, ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನ ಪಕ್ಕದಲ್ಲೇ.

ಇನ್ನೆರಡು ಮಾತು, ಇವು ಆರೋಗ್ಯದ ವಿಷಯ. ನೀರು ಕಡಿಮೆ ಬರುತ್ತಿದೆಯೆಂದು ನಗರಸಭೆಯ ಕೊಳವೆಗೆ ನೇರವಾಗಿ ಮೋಟರ್ ಕೂರಿಸಬೇಡಿ. ಕೊಳವೆಯಲ್ಲಿ ಒತ್ತಡ ಬಿದ್ದುಹೋಗಿ, ಬಿರುಕಿನ ಸುತ್ತ ನಿಂತ ಚರಂಡಿ ನೀರನ್ನು ಅದು ಒಳಗೆ ಎಳೆಯುತ್ತದೆ, ಅಕ್ಕಪಕ್ಕದ ಮನೆಗಳಿಗೂ ಅದೇ ಹೋಗುತ್ತದೆ. ಹಾಗೆಯೇ, ನಲ್ಲಿಗೆ ಸಿಕ್ಕಿಸಿದ ಪೈಪಿನ ತುದಿಯನ್ನು ಬಳಸಿದ ನೀರಿನ ಬಕೆಟಿನಲ್ಲಿ ಮುಳುಗಿಸಿ ಬಿಡಬೇಡಿ. ಸರಬರಾಜು ನಿಂತ ಕೂಡಲೇ ಬಕೆಟಿನ ನೀರು ಹಿಂದಕ್ಕೆ ಕುಡಿಯುವ ಕೊಳವೆಗೆ ಹೋಗಬಹುದು.

ಇವತ್ತು ರಾತ್ರಿಯೇ ಟ್ಯಾಂಕಿಗೆ ಕೋಲು ಇಳಿಸಿ ನೋಡಿ. ಎಷ್ಟು ಸೆಂ.ಮೀ. ಇಳಿಯಿತು, ಟ್ಯಾಂಕಿನ ಅಡ್ಡಗಲ ಎಷ್ಟು ಎಂದು ನಾಳೆ ಇಲ್ಲೇ ಬರೆಯಿರಿ, ಲೆಕ್ಕ ಹಾಕಿ ಹೇಳುತ್ತೇನೆ. ನೋಟಿಸಿನ ಫೋಟೊವನ್ನೂ ಹಾಕಿ, ಕೊಳವೆಬಾವಿ ನೀರಿನ ಬಗ್ಗೆ ಏನಾದರೂ ಬರೆದಿದೆಯೇ ಎಂದು ಒಟ್ಟಿಗೆ ಓದೋಣ.