ಕುಶಾಲನಗರದಿಂದ ಸ್ವಂತ ಕಾರಲ್ಲಿ ನೇಪಾಳ, ಭೂತಾನ್ ಎರಡನ್ನೂ 16 ದಿನದಲ್ಲಿ ಸುತ್ತಿ ಬರಬಹುದೇ?

ನೀವಿಬ್ಬರು, 10 ವರ್ಷದ ಮಗ, 68ರ ಅತ್ತೆ, ಕೈಯಲ್ಲಿ 16 ದಿನ ಅಂತ ಬರೆದಿದ್ದೀರಿ. ಅಷ್ಟರಲ್ಲಿ ಎರಡೂ ಆಗುವುದಿಲ್ಲ. ಈ ಸಲ ನೇಪಾಳ ಮಾತ್ರ ಇಟ್ಟುಕೊಳ್ಳಿ.

ಬೆಂಗಳೂರು, ಹೈದರಾಬಾದ್, ನಾಗ್ಪುರ, ಜಬಲ್‌ಪುರ, ವಾರಾಣಸಿ, ಗೋರಖ್‌ಪುರ ಹಾದು ಸೋನೌಲಿ ಗಡಿಗೆ 2,200 ಕಿ.ಮೀ.ಗೂ ಹೆಚ್ಚು. ದಿನಕ್ಕೆ 550 ಓಡಿಸಿದರೆ ಹೋಗಲು 4 ದಿನ. ಬರುವಾಗ ಎಲ್ಲರಿಗೂ ದಣಿವಿರುತ್ತದೆ, 5 ಇಟ್ಟುಕೊಳ್ಳಿ. ಉಳಿಯುವುದು 7. ನೇಪಾಳಕ್ಕೂ ಭೂತಾನಿಗೂ ಗಡಿ ಕೂಡಿಲ್ಲ, ನಡುವೆ ಸಿಕ್ಕಿಂ ಮತ್ತು ಬಂಗಾಳದ ಸಿಲಿಗುರಿ ಪಟ್ಟಿ ಇದೆ. ಕಠ್ಮಂಡುವಿನಿಂದ ಪೂರ್ವದ ಕಾಕಡಭಿಟ್ಟಾಗೆ ಹೋಗಿ, ಭಾರತಕ್ಕೆ ಮರಳಿ, ಜೈಗಾಂವ್‌ನಲ್ಲಿ ಇನ್ನೊಮ್ಮೆ ಗಡಿ ದಾಟಬೇಕು. ಅದಕ್ಕೇ 2 ದಿನ ಹೋಗುತ್ತದೆ. ಎರಡೂ ದೇಶ ನೋಡಲೇಬೇಕೆಂದರೆ 24 ದಿನ ಬೇಕು.

ಭೂತಾನಿನ ಖರ್ಚೂ ಬೇರೆಯೇ. 2022ರಿಂದ ಭಾರತೀಯರಿಗೆ ತಲೆಗೆ ರಾತ್ರಿಗೆ 1,200 ರೂ. ಶುಲ್ಕ, 6ರಿಂದ 12ರ ಮಕ್ಕಳಿಗೆ ಅರ್ಧ. ಗಡಿಪಟ್ಟಣ ಫುಂಟ್ಶೋಲಿಂಗ್ ದಾಟಿ ಒಳಗೆ ಹೋಗುವ ನಮ್ಮ ಕಾರಿಗೆ ದಿನಕ್ಕೆ 4,500. ನಿಮ್ಮ ಮನೆಯವರಿಗೆ 4 ರಾತ್ರಿಗೆ 16,800 ಆದರೆ, ಕಾರಿಗೆ 5 ದಿನಕ್ಕೆ 22,500! ಅದಕ್ಕೆ ನನ್ನ ಸಲಹೆ: ಭೂತಾನಿಗೆ ಬೇರೊಂದು ರಜೆಯಲ್ಲಿ ಸಿಲಿಗುರಿ ಪಕ್ಕದ ಬಾಗ್ಡೋಗ್ರಾವರೆಗೆ ವಿಮಾನದಲ್ಲಿ ಹೋಗಿ, ಗಡಿಯಾಚೆ ಅಲ್ಲಿನ ಟ್ಯಾಕ್ಸಿ ಹಿಡಿಯಿರಿ.

ಈಗ ನೇಪಾಳದ ಕಾಗದಪತ್ರ. ನಿಮಗಿಬ್ಬರಿಗೂ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಬೇಕು, ಆಧಾರ್ ನಡೆಯುವುದಿಲ್ಲ. 15ಕ್ಕಿಂತ ಕಿರಿಯರಿಗೆ, 65 ದಾಟಿದವರಿಗೆ ಮಾತ್ರ ಆಧಾರ್ ಸಾಕು, ಹಾಗಾಗಿ ಮಗನಿಗೂ ಅತ್ತೆಗೂ ತೊಂದರೆಯಿಲ್ಲ. ಆರ್‌ಸಿ, ಡಿಎಲ್ ಎರಡೂ ಅಸಲು ಕಾರ್ಡೇ ಇರಲಿ, ಮೊಬೈಲ್ ತೋರಿಸಿದರೆ ಗಡಿಯಲ್ಲಿ ಒಪ್ಪುವುದನ್ನು ನೆಚ್ಚಿಕೊಳ್ಳಬೇಡಿ. ಕಾರು ಮಾವನ ಹೆಸರಲ್ಲೋ ಅಣ್ಣನ ಹೆಸರಲ್ಲೋ ಇದ್ದರೆ ಅವರಿಂದ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ತನ್ನಿ. ನಮ್ಮ ಕಾರಿನ ವಿಮೆ ಗಡಿಯಾಚೆ ತಾನಾಗಿ ನಡೆಯುವುದಿಲ್ಲ. ನೇಪಾಳಕ್ಕೂ ವಿಸ್ತರಿಸಿ ಎಂಡಾರ್ಸ್‌ಮೆಂಟ್ ಹಾಕಿಕೊಡಲು ಹೊರಡುವ ಹದಿನೈದು ದಿನ ಮೊದಲೇ ಏಜೆಂಟರಿಗೆ ಹೇಳಿ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ.

ಸೋನೌಲಿಯಲ್ಲಿ ಗೇಟು ದಾಟುವ ಮೊದಲೇ ಏಜೆಂಟರು ಕಾರು ಮುತ್ತುತ್ತಾರೆ. ಕಾಗದ ಯಾರ ಕೈಗೂ ಕೊಡದೆ ನೇರ ಭನ್ಸಾರ್ ಕಚೇರಿಗೆ, ಅಂದರೆ ಅವರ ಕಸ್ಟಮ್ಸ್‌ಗೆ ಹೋಗಿ. ವಾಹನಕ್ಕೆ ದಿನದ ಲೆಕ್ಕದಲ್ಲಿ ದುಡ್ಡು ಕಟ್ಟಿಸಿಕೊಂಡು ಚೀಟಿ ಕೊಡುತ್ತಾರೆ. 7 ದಿನಕ್ಕೆ ಬದಲು 9 ದಿನಕ್ಕೆ ಮಾಡಿಸಿ: ಗುಡ್ಡ ಜರಿದು ರಸ್ತೆ ಮುಚ್ಚಿದರೆ ಅವಧಿ ಮೀರುತ್ತದೆ, ದಂಡ ಆ ಎರಡು ದಿನದ ಶುಲ್ಕಕ್ಕಿಂತ ಬಹಳ ಜಾಸ್ತಿ. ನೂರರ ನೋಟುಗಳ ಕಟ್ಟು ಇಟ್ಟುಕೊಳ್ಳಿ, ನಮ್ಮ 100 ಅಂದರೆ ಅವರ 160.

ಕೊಡಗಿನವರಿಗೆ ಒತ್ತಿ ಹೇಳಬೇಕಾದ್ದು ಕಾರಿನೊಳಗಿನ ಸಾಮಾನಿನ ಬಗ್ಗೆ. ಕೊಡವರಿಗೂ ಜಮ್ಮಾ (ಪಾರಂಪರಿಕ) ಭೂಮಿಯ ಹಿಡುವಳಿದಾರರಿಗೂ ಇಲ್ಲಿ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಗಡಿಯಾಚೆ ಅದಕ್ಕೆ ಬೆಲೆಯಿಲ್ಲ. ಸೀಟಿನ ಕೆಳಗೆ, ಬಾಗಿಲ ಜೇಬಲ್ಲಿ, ಸ್ಟೆಪ್ನಿಯ ಗುಂಡಿಯಲ್ಲಿ ಒಂದೇ ಒಂದು ತೋಟಾ ಉಳಿದಿದ್ದರೂ ಪ್ರವಾಸ ಅಲ್ಲಿಗೆ ಮುಗಿಯಿತು. ಮ್ಯಾಟ್ ಎತ್ತಿ, ಟಾರ್ಚ್ ಹಾಕಿ ನೋಡಿ. ನೆಂಟರಿಗೆಂದು ಮನೆಯಲ್ಲಿ ಮಾಡಿದ ವೈನ್ ಕೂಡ ಬೇಡ. ಸೋನೌಲಿ ಬಿಟ್ಟು ರಕ್ಸೌಲ್ ಗಡಿಯ ದಾರಿ ಹಿಡಿದರೆ ಬಿಹಾರ ದಾಟಬೇಕು, ಅಲ್ಲಿ 2016ರಿಂದ ಪಾನನಿಷೇಧ, ಬಾಟಲಿ ಸಿಕ್ಕಿದರೆ ವಾಹನವನ್ನೇ ಜಪ್ತಿ ಮಾಡುತ್ತಾರೆ.

ಸಮಯಕ್ಕೆ ನವೆಂಬರ್ ಮೊದಲರ್ಧ ಒಳ್ಳೆಯದು. ಆಕಾಶ ತಿಳಿಯಾಗಿರುತ್ತದೆ, ಅವರ ದಶೈಂ ಹಬ್ಬದ ನೂಕುನುಗ್ಗಲು ಮುಗಿದಿರುತ್ತದೆ, ನಮ್ಮ ಸುಗ್ಗಿ ಹಬ್ಬ ಪುತ್ತರಿಗೂ ರೋಬಸ್ಟಾ ಕಾಫಿ ಕೊಯ್ಲಿಗೂ ಮನೆ ಸೇರಬಹುದು. ಅರೇಬಿಕಾ ತೋಟದವರಿಗೆ ಅದೇ ಕೊಯ್ಲಿನ ಕಾಲ, ಅವರು ಮಾರ್ಚ್ ನೋಡಲಿ. ಆಗ ಮಬ್ಬು ಜಾಸ್ತಿ, ಹಿಮದ ಬೆಟ್ಟ ಕಾಣದೆಯೂ ಹೋಗಬಹುದು. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ.

ಒಳಗಿನ ದಾರಿ ಬುಟ್ವಲ್, ಪೋಖರಾ, ಕಠ್ಮಂಡು, ಚಿತ್ವನ್, ಮತ್ತೆ ಸೋನೌಲಿ. ಸಂಪಾಜೆ ಘಾಟಿ ಓಡಿಸಿದವರಿಗೆ ತಿರುವು ಹೊಸದಲ್ಲ, ಅಲ್ಲೂ ಎಡಗಡೆಯೇ ಸಂಚಾರ. ಆದರೆ ಬುಟ್ವಲ್ ದಾಟಿದೊಡನೆ ಸಿಗುವ ಸಿದ್ಧಬಾಬಾದಲ್ಲಿ ಮೇಲಿನಿಂದ ಕಲ್ಲು ಉದುರುತ್ತದೆ, ಸುರಂಗದ ಕಾಮಗಾರಿಯೂ ಅಲ್ಲೇ. ಹಿಂದಿನ ರಾತ್ರಿ ಬುಟ್ವಲ್‌ನಲ್ಲಿ ಉಳಿದು, ಆ ದಾರಿಯಲ್ಲಿ ಗಾಡಿಗಳನ್ನು ಮುಂದೆ ಬಿಡುವ ಹೊತ್ತು ಲಾಡ್ಜಿನವರನ್ನೇ ಕೇಳಿಕೊಂಡು ಬೆಳಕಿನಲ್ಲಿ ದಾಟಿ. ಅಲ್ಲಿಂದ ಪೋಖರಾಗೆ 160 ಕಿ.ಮೀ. ಅಷ್ಟೇ, ಆದರೂ 6–7 ಗಂಟೆ ಹಿಡಿಯುತ್ತದೆ. ಅತ್ತೆಯವರಿಗೆ ಪಾಲ್ಪಾದಲ್ಲಿ ಇಳಿದು ಕಾಲು ಚಾಚಲು ಅರ್ಧ ಗಂಟೆ ಕೊಡಿ.