ಅಪ್ಪನ ಡಿಸ್ಚಾರ್ಜ್ ಬುಕ್ಕಲ್ಲಿ ಗಾಯದ ಪದಕ ಇಲ್ಲ, 50 ವರ್ಷ ಆದ್ಮೇಲೆ ಸರಿ ಮಾಡಿಸೋಕಾಗುತ್ತಾ?

ನಿಮ್ಮ ಪ್ರಶ್ನೆ ಎರಡು ಸಲ ಓದ್ದೆ. ಅಪ್ಪಾಜಿ 71ರ ಯುದ್ಧದಲ್ಲಿ ಪಂಜಾಬ್ ಗಡಿಲಿದ್ರು, ತೊಡೆಗೆ ಗುಂಡು ಬಿತ್ತು, ಎರಡು ತಿಂಗಳು ಮಿಲಿಟರಿ ಆಸ್ಪತ್ರೇಲಿದ್ರು, 15 ವರ್ಷ ಸರ್ವೀಸ್ ಮುಗಿಸಿ ಪೆನ್ಷನ್ ತಗೊಂಡು ಬಂದ್ರು, ಆದ್ರೆ ಸೇನೆ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕಲ್ಲಿ ಸಂಗ್ರಾಮ್ ಮೆಡಲ್ ಒಂದೇ ಬರೆದಿದೆ, ಗಾಯದ ಪದಕ ಅಂದ್ರೆ ವೂಂಡ್ ಮೆಡಲ್ ಇಲ್ಲ ಅಂತ. ನಾನು ಆರ್ಮಿಲಿ ಕ್ಲರ್ಕ್ ಆಗಿದ್ದು ಹವಾಲ್ದಾರಾಗಿ ರಿಟೈರ್ ಆದವನು, ಕೊನೇ ಕೆಲವು ವರ್ಷ ಒಂದು ರೆಕಾರ್ಡ್ಸ್ ಆಫೀಸಲ್ಲಿ ಇವೇ ಕಾಗದದ ಧೂಳು ಕುಡಿದಿದ್ದೀನಿ, ಗೊತ್ತಿರೋದು ಹೇಳ್ತೀನಿ.

ಮೊದ್ಲು, ಗೂಗಲ್‌ನಲ್ಲಿ ಸಿಗೋ ಡಿಡಿ 149 ಫಾರ್ಮ್, ಡಿಡಿ 214 ಇವೆಲ್ಲ ಅಮೆರಿಕದ್ದು. ಅಲ್ಲಿ ಸೈನಿಕರ ದಾಖಲೆ ತಿದ್ದೋಕೆ ಅಂತಲೇ ಬೋರ್ಡ್ ಇದೆ, ನಮ್ಮಲ್ಲಿಲ್ಲ. ನಮ್ಮೂರಿನ ಒಬ್ಬ ಹುಡುಗ ತಾತನಿಗೋಸ್ಕರ ಆ ಫಾರ್ಮ್ ಪ್ರಿಂಟ್ ತೆಗೆದು ನೀಟಾಗಿ ತುಂಬ್ಕೊಂಡು ಬಂದಿದ್ದ, ಪಾಪ. ನಮಗೆ ಸೈನಿಕರ ಕಾಗದ ಇಟ್ಟಿರೋ ರೆಕಾರ್ಡ್ಸ್ ಆಫೀಸೇ ದಿಕ್ಕು, ಮರಾಠಾ ರೆಜಿಮೆಂಟ್ ಆದ್ರೆ ಬೆಳಗಾವಿ, ಎಂಇಜಿ (ಮದ್ರಾಸ್ ಇಂಜಿನಿಯರ್ ಗ್ರೂಪ್) ಆದ್ರೆ ಬೆಂಗಳೂರು, ಫಿರಂಗಿಯ ಆರ್ಟಿಲರಿ ನಾಸಿಕ್, ಯಂತ್ರ ರಿಪೇರಿಯ ಇಎಂಇ ಸಿಕಂದರಾಬಾದ್, ಸಿಗ್ನಲ್ಸ್ ಜಬಲ್ಪುರ.

ಈಗ ನೀವು ಗಮನಿಸದೆ ಇರೋ ವಿಷಯಕ್ಕೆ ಬರ್ತೀನಿ. ಪಶ್ಚಿಮದ ಗಡೀಲಿ ಯುದ್ಧ ಮಾಡಿದವ್ರಿಗೆ ಪಶ್ಚಿಮಿ ಸ್ಟಾರ್ ಬರ್ಬೇಕು, ಪೂರ್ವದಲ್ಲಿದ್ದವ್ರಿಗೆ ಪೂರ್ವಿ ಸ್ಟಾರ್. ನಿಮ್ಮಪ್ಪಂಗೆ ಅದು ಯಾಕಿಲ್ಲ? ಸಂಗ್ರಾಮ್ ಮೆಡಲ್ ಡಿಸೆಂಬರ್ 1971ರಿಂದ ಒಂದು ವರ್ಷದ ಮೇಲಿನ ಅವಧಿ ಹಿಡಿದು ಕೊಟ್ಟಿದ್ದು, ಗುಂಡಿನ ಸದ್ದೇ ಕೇಳದವ್ರ ಎದೆ ಮೇಲೂ ಅದಿರುತ್ತೆ. ಸ್ಟಾರ್ ಹಂಗಲ್ಲ, ಯುದ್ಧದ ಜಾಗದಲ್ಲಿ ಇದ್ದಿರಬೇಕು. ಅಂದ್ರೆ ಕಾಗದದ ಪ್ರಕಾರ ನಿಮ್ಮಪ್ಪ ಯುದ್ಧ ನಡೆದ ಆ ಎರಡು ವಾರ ಗಡೀಲೇ ಇರ್ಲಿಲ್ಲ! ಇರದೇ ಇದ್ದವ್ರಿಗೆ ಗುಂಡು ಹೆಂಗೆ ಬಿತ್ತು ಅಂತ ಯಾವ ಕ್ಲರ್ಕಾದ್ರೂ ಕೇಳೇ ಕೇಳ್ತಾನೆ, ನಾನಾಗಿದ್ರೂ ಕೇಳ್ತಿದ್ದೆ. ಹಂಗಾಗಿ ಮೊದ್ಲು ಪದಕ ಬಿಡಿ, ಅವ್ರು ಅಲ್ಲಿದ್ರು ಅನ್ನೋದನ್ನ ಕಾಗದದ ಮೇಲೆ ತನ್ನಿ.

ಯಾಕೆ ಹಿಂಗಾಗುತ್ತೆ ಅಂದ್ರೆ, ಸೈನಿಕನಿಗೆ ಏನೇ ಆಗ್ಲಿ, ಪೋಸ್ಟಿಂಗ್, ಮದುವೆ, ಗಾಯ, ಎಲ್ಲಾನೂ ಯೂನಿಟ್ಟು ಪಾರ್ಟ್ ಟೂ ಆರ್ಡರ್ ಅಂತ ಹೊರಡಿಸುತ್ತೆ, ಅದು ರೆಕಾರ್ಡ್ಸ್‌ಗೆ ಬಂದು ಶೀಟ್ ರೋಲ್ ಅನ್ನೋ ಅವನ ಸರ್ವೀಸ್ ದಾಖಲೇಲಿ ಏರುತ್ತೆ, ಪೆನ್ಷನ್ ಹೋಗುವಾಗ ಅಲ್ಲಿಂದ ನೋಡಿ ಡಿಸ್ಚಾರ್ಜ್ ಬುಕ್ ತುಂಬ್ತಾರೆ. ಈ ದಾರೀಲಿ ಎಲ್ಲಾದ್ರೂ ಒಂದು ಸಾಲು ಬಿಟ್ಟುಹೋದ್ರೆ ಮುಗೀತು. ಕೈಯಲ್ಲಿ ಬರೆಯೋ ಕಾಲ, ನಾನೂ ಬಿಟ್ಟಿರಬಹುದು, ಸುಳ್ಳು ಯಾಕೆ ಹೇಳ್ಲಿ. ಜಾಸ್ತಿ ಏಟು ಬಿದ್ದಿದ್ದು ಅಟ್ಯಾಚ್‌ಮೆಂಟ್ ಮೇಲೆ, ಅಂದ್ರೆ ಸ್ವಲ್ಪ ಕಾಲಕ್ಕೆ ಅಂತ ಬೇರೆ ಯೂನಿಟ್‌ಗೆ ಹೋಗಿದ್ದವ್ರಿಗೆ. ಒಬ್ಬ ಡ್ರೈವರ್ ಅಜ್ಜನ ಕೇಸ್ ನಾನೇ ನೋಡಿದ್ದು, ಅವ್ರನ್ನ ಇನ್ಫೆಂಟ್ರಿ ಬೆಟಾಲಿಯನ್ ಜೊತೆ ಕಳಿಸಿದ್ರು, ಗುಂಡು ಬಿದ್ದಿದ್ದು ಅಲ್ಲಿ, ಅವ್ರ ಸ್ವಂತ ಯೂನಿಟ್‌ಗೆ ಸುದ್ದೀನೇ ಹೋಗಿಲ್ಲ, ಪಾರ್ಟ್ ಟೂ ಆರ್ಡರೂ ಇಲ್ಲ. ಅಜ್ಜಿ ಕೊನೆಗೆ ಟ್ರಂಕಿಂದ ಎರಡು ಕಾಗದ ತೆಗೆದ್ರು. ಒಂದು ಆಸ್ಪತ್ರೆ ಸ್ಲಿಪ್, ಅದ್ರಲ್ಲಿ ಜಿಎಸ್‌ಡಬ್ಲ್ಯೂ ಅಂತ ಬರೆದು ತಾರೀಖು, ಅದ್ರ ಅರ್ಥ ಗುಂಡಿನ ಗಾಯ. ಇನ್ನೊಂದು ಅಜ್ಜ ಅಲ್ಲಿಂದಲೇ ಬರೆದ ಇನ್‌ಲ್ಯಾಂಡ್ ಲೆಟರ್, ಹಿಂದೆ 56 ಎಪಿಒ ಅಂತ ಸೇನೆ ಅಂಚೆ ವಿಳಾಸ, ಮೇಲೆ ಆ ಬೆಟಾಲಿಯನ್ ಹೆಸರು. ಎಮ್ಮೆ ಕರು ಹಾಕಿದ ವಿಷಯ ಕೇಳಿ ಬರೆದಿದ್ದ ಪತ್ರ ಅದು. ಅದನ್ನೇ ಇಟ್ಕೊಂಡು ಆ ಬೆಟಾಲಿಯನ್ ದಾಖಲೆ ತರಿಸಿ ನೋಡಿದಾಗ ಹೆಸರು ಸಿಕ್ತು.

ನೀವೂ ಹಂಗೇ ಟ್ರಂಕ್ ಜಾಲಾಡಿ. ಆಮೇಲೆ ಅಪ್ಪನ ಸಹಿಯಲ್ಲೇ ಅರ್ಜಿ, ನಂಬರ್, ರ್‍ಯಾಂಕ್, ಯೂನಿಟ್, ಸೇರಿದ ಮತ್ತೆ ಬಿಟ್ಟ ತಾರೀಖು ಹಾಕಿ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಮೂಲಕ ಕಳ್ಸಿ, ಒಂದು ಕಾಪಿ ರಿಜಿಸ್ಟರ್ಡ್ ಪೋಸ್ಟಲ್ಲಿ ನೇರ ಹಾಕಿ. 'ಪದಕ ಕೊಡಿ' ಅಂತ ಬರೀಬೇಡಿ, 'ಇಂಥ ತಿಂಗಳ ಪೋಸ್ಟಿಂಗ್ ಮತ್ತೆ ಗಾಯದ ಎಂಟ್ರಿ ಪರಿಶೀಲಿಸಿ' ಅಂತ ಬರೀರಿ. ಜೊತೆಗೆ ಅವ್ರ ಹೆಸರಲ್ಲೇ 10 ರೂಪಾಯಿ ಆರ್‌ಟಿಐ ಹಾಕಿ ಶೀಟ್ ರೋಲ್ ಕಾಪಿ ಕೇಳಿ, 30 ದಿನದಲ್ಲಿ ಉತ್ತರ ಬರ್ಬೇಕು. ಪೆನ್ಷನ್ ಇಲ್ಲದವ್ರ ಕಾಗದ 25 ವರ್ಷಕ್ಕೆ ನಾಶ ಮಾಡ್ತಾರೆ, ನಿಮ್ಮಪ್ಪ ಪೆನ್ಷನರ್ ಆಗಿರೋದು ನಿಮ್ಮ ಪುಣ್ಯ.

ಗಾಯ ಶತ್ರುವಿನ ದಾಳಿಯಿಂದಲೇ ಆಗಿದ್ದು ಅಂತ ಇರ್ಬೇಕು, ಬರೀ 'ಇಂಜುರಿ' ಅಂತಿದ್ರೆ ವೂಂಡ್ ಮೆಡಲ್ ಬರಲ್ಲ, ಜೀಪ್ ಮಗುಚಿ ಕಾಲು ಮುರಿದ್ರೂ ಇಂಜುರೀನೇ. ಇನ್ನೊಂದು, ಸ್ಟಾರ್, ವೂಂಡ್ ಮೆಡಲ್ ಇವು ಹಕ್ಕಿನವು, ಅರ್ಹತೆ ಇದ್ರೆ ತಡವಾಗಿಯಾದ್ರೂ ಕೇಳ್ಬಹುದು. ಸೇನಾ ಮೆಡಲ್, ವೀರ ಚಕ್ರ ಬೇರೆ ಕಥೆ, ಅದಕ್ಕೆ ಆಗಲೇ ಕಮಾಂಡರ್ ಶಿಫಾರಸು ಹೋಗಿರ್ಬೇಕು, ಈಗ ಅರ್ಜಿ ಹಾಕಿ ಏನೂ ಪ್ರಯೋಜನ ಇಲ್ಲ, ಹಾಕಿಸ್ತೀನಿ ಅಂತ ದುಡ್ಡು ಕೇಳೋರ ಹತ್ರ ಹೋಗ್ಬೇಡಿ. ವೂಂಡ್ ಮೆಡಲ್‌ಗೆ ತಿಂಗಳು ತಿಂಗಳು ದುಡ್ಡೂ ಬರಲ್ಲ, ಅದೂ ತಿಳ್ಕೊಂಡಿರಿ.

ರೆಕಾರ್ಡ್ಸ್‌ನವ್ರು ಆಗಲ್ಲ ಅಂದ್ರೆ ಸೈನಿಕರ ಕೇಸ್ ನೋಡೋ ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್ ಇದೆ, ಕೊನೇ ಆದೇಶ ಬಂದು 6 ತಿಂಗಳೊಳಗೆ ಹೋಗ್ಬೇಕು, 6 ತಿಂಗಳು ಉತ್ತರಾನೇ ಕೊಡದಿದ್ರೂ ಹೋಗ್ಬಹುದು. ಆದ್ರೆ ಟ್ರಂಕಲ್ಲಿ ಏನೂ ಸಿಗದೆ ಬರೀ ಬಾಯಿಮಾತಲ್ಲಿ ಅಲ್ಲಿಗೆ ಹೋಗೋದು ನನಗೆ ಸರಿ ಕಾಣಲ್ಲ, ವಕೀಲರ ಫೀಸು ದಂಡ.

ಅಪ್ಪಾಜಿ ಅಟ್ಯಾಚ್‌ಮೆಂಟ್ ಮೇಲೆ ಹೋಗಿದ್ರಾ ಅಂತ ಇವತ್ತೇ ಕೇಳಿ, ಯಾವ ಯೂನಿಟ್ ಜೊತೆ ಅಂತ ಹೇಳಿದ್ರೆ ಮುಂದಿಂದು ಹೇಳ್ತೀನಿ. ಅವ್ರ ನಂಬರ್, ಪಿಪಿಒ (ಪೆನ್ಷನ್ ಆದೇಶದ ಕಾಗದ) ಫೋಟೋ ಮಾತ್ರ ಇಲ್ಲಿ ಹಾಕ್ಬೇಡಿ.